ಕಿಟಕಿಯ ಗಾಜು ಒಡೆದ ಹುಡುಗ

ಏಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲೆ ಝಾದರ್ ಎಂಬ ಪುರಾತನ ಪಟ್ಟಣವಿದೆ. ಅಲ್ಲಿ ಕೊಲೊವಾರೆ ಎಂಬುದೊಂದು ಹೋಟೆಲು. ಬೇಸಗೆ ಬಂದಿತೆಂದರೆ ದೂರದೂರದ ಪ್ರವಾಸಿಗಳು ಬಂದಿಳಿದು, ಕಡಲಿನಲ್ಲಿ ಮಿಂದು, ಬಿಸಿಲು ಕಾಯಿಸಿಕೊಂಡು ಹೋಗುತ್ತಿದ್ದ ಸ್ಥಳ ಅದು. 1991ರ ಕೊನೆಯ ಹೊತ್ತಿಗೆ ಅಲ್ಲಿ ಪ್ರವಾಸಿಗಳ ಸುಳಿವಿರಲಿಲ್ಲ. ಮನೆಮಠಗಳನ್ನು ಕಳೆದುಕೊಂಡು ಬಂದ ಸಂಸಾರಗಳು ಅದರ ಕೋಣೆಗಳಲ್ಲಿ ಇಕ್ಕಟ್ಟಿನಿಂದ ದಿನ ನೂಕುತ್ತಿದ್ದವು. ಯುಗೊಸ್ಲಾವಿಯ ಎಂಬ ದೇಶ ಒಡೆದುಹೋಗುತ್ತಿದ್ದ ಕಾಲ. ಆ ವರ್ಷದ ಜೂನ್ ತಿಂಗಳಿನಲ್ಲಿ ಕ್ರೊಯೇಷಿಯ ತಾನು ಸ್ವತಂತ್ರವೆಂದು ಸಾರಿತ್ತು. ಅದರ ಹಿಂದೆಯೇ ಯುದ್ಧ ಬಂದಿತ್ತು.

ಈ ಹೋಟೆಲಿನ ವಾಹನಗಳು ನಿಲ್ಲುವ ಅಂಗಳದಲ್ಲಿ ಒಬ್ಬ ಹುಡುಗ ಹಗಲೆಲ್ಲ ಚೆಂಡು ಒದೆಯುತ್ತಿದ್ದನು. ಅಂಗಳದಲ್ಲಿ ಆಗದಿದ್ದರೆ ಓಣಿಯಂತಹ ಮೊಗಸಾಲೆಯಲ್ಲಿ. ರಾತ್ರಿ ಮಲಗುವಾಗಲೂ ಚೆಂಡು ಮಗ್ಗುಲಲ್ಲಿಯೇ. ಫಿರಂಗಿಯ ಗುಂಡುಗಳಿಗಿಂತ ಈ ಹುಡುಗನ ಚೆಂಡೇ ಹೆಚ್ಚು ಕಿಟಕಿಗಳ ಗಾಜು ಒಡೆಯಿತೆಂದು ಹೋಟೆಲಿನವರು ಹೇಳಿದ ಮಾತು ಪ್ರಸಿದ್ಧವಾಗಿದೆ. ಅವನಿಗೆ ಆಗ ಆರು ವರ್ಷ. ಹೆಸರು ಲೂಕಾ ಮೋದ್ರಿಚ್.

ಲೂಕಾ ಎಂಬುದು ಅವನ ಅಜ್ಜನ ಹೆಸರು. ತಂದೆತಾಯಿಗಳಿಬ್ಬರೂ ದುಡಿಯಲು ಹೋಗುತ್ತಿದ್ದುದರಿಂದ ಮೊಮ್ಮಗ ಹೆಚ್ಚಾಗಿ ಬೆಳೆದದ್ದು ಅಜ್ಜನ ಆಶ್ರಯದಲ್ಲಿ, ವೆಲೆಬಿತ್ ಪರ್ವತದ ತಪ್ಪಲಿನಲ್ಲಿದ್ದ ಒಂದು ಕಲ್ಲುಮನೆಯಲ್ಲಿ. ಆ ಬೆಟ್ಟದ ತೋಳಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಹೋದವರ ಕ್ಯಾಮೆರಾಕ್ಕೆ ಆಡು ಕಾಯುತ್ತಿದ್ದ ಐದು ವರ್ಷದ ಪೋರನೊಬ್ಬ ಸಿಕ್ಕಿದ್ದನು. ಕೈಯಲ್ಲಿ ಕೋಲು, ಮುಂದೆ ಆಡಿನ ಹಿಂಡು. ಅನೇಕ ವರ್ಷಗಳ ಬಳಿಕ ಆ ಚಿತ್ರದ ತುಣುಕನ್ನು ನೋಡಿದವರು ಇವನೇ ಅವನೆಂದು ಗುರುತು ಹಿಡಿದು ಬೆರಗಾದರು. 1991ರ ಡಿಸೆಂಬರಿನಲ್ಲಿ ಬಂಡಾಯವೆದ್ದ ಸರ್ಬ್ ಪಡೆಯವರು ಆ ಅಜ್ಜನನ್ನು ಮನೆಯ ಸಮೀಪದಲ್ಲಿಯೇ ಗುಂಡಿಕ್ಕಿ ಕೊಂದರು. ಮನೆ ಬೆಂಕಿಗೆ ಆಹುತಿಯಾಯಿತು. ಉಳಿದವರು ಉಟ್ಟ ಬಟ್ಟೆಯಲ್ಲಿ ಝಾದರಿಗೆ ಓಡಿಬಂದರು. ತಂದೆ ಸ್ತಿಪೆ ಸೈನ್ಯಕ್ಕೆ ಸೇರಿ ವಿಮಾನಗಳ ಮೆಕ್ಯಾನಿಕ್ ಆದನು. ಕೊಲೊವಾರೆಯಲ್ಲಿ ಕೆಲವು ವರ್ಷ, ಆಮೇಲೆ ಇಝ್ ಎಂಬ ಇನ್ನೊಂದು ಹೋಟೆಲು. ಬಾಲ್ಯವೆಲ್ಲ ಪರರ ಸೂರಿನ ಕೆಳಗೆ ಕಳೆಯಿತು.

ಅಂಗಳದ ಹುಡುಗನ ಸುದ್ದಿ ಝಾದರ್ ಕ್ಲಬ್ಬಿನ ತರಬೇತುದಾರ ಯೋಸಿಪ್ ಬೈಲೋ ಅವರ ಕಿವಿಗೆ ಬಿದ್ದಿತು. 1992ರಲ್ಲಿ ಲೂಕಾ ಪ್ರಾಥಮಿಕ ಶಾಲೆಗೂ ಕ್ಲಬ್ಬಿನ ಫುಟ್‌ಬಾಲ್ ಶಾಲೆಗೂ ಏಕಕಾಲಕ್ಕೆ ಸೇರಿದನು. ಎರಡನೆಯದಕ್ಕೆ ಶುಲ್ಕ ಕೊಡಬೇಕಾಗಿತ್ತು. ಮನೆಯಲ್ಲಿ ಹಣವಿಲ್ಲದಿದ್ದಾಗ ಬಂಧುಗಳು ನೆರವಾದರು. ಕಲಿಯುವ ಮೈದಾನವೂ ನಿರಾತಂಕವಾಗಿರಲಿಲ್ಲ. ಊರಿನ ಮೇಲೆ ಶೆಲ್ಲುಗಳು ಬೀಳುತ್ತಿದ್ದ ದಿನಗಳವು; ಅಭ್ಯಾಸದ ನಡುವೆಯೇ ಮಕ್ಕಳು ಚೆಂಡನ್ನು ಬಿಟ್ಟು ಆಸರೆಯ ಕಟ್ಟಡಗಳಿಗೆ ಓಡಬೇಕಾಗುತ್ತಿತ್ತು. ಎಲ್ಲ ಶಾಂತವಾದ ಮೇಲೆ ಮತ್ತೆ ಬಂದು ಆಡುತ್ತಿದ್ದರು. ಮಕ್ಕಳಿಗೆ ಯಾವುದೂ ಅಭ್ಯಾಸವಾಗುತ್ತದೆ ಎಂಬುದು ಸಮಾಧಾನದ ಮಾತೋ ದುಃಖದ ಮಾತೋ ಹೇಳುವುದು ಕಷ್ಟ.

ಇಲ್ಲಿ ಓದುಗರಿಗೆ ಒಂದು ವಿಷಯವನ್ನು ತಿಳಿಸಬೇಕು. ಫುಟ್‌ಬಾಲಿನಲ್ಲಿ ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗೋಲು ತಡೆದವನಿಗೂ ಚಪ್ಪಾಳೆ ಸಿಗುತ್ತದೆ. ನಡುವೆ ಆಡುವವನ ಕೆಲಸ ಬೇರೆ. ಮದುವೆಯ ಮನೆಯ ಪಂಕ್ತಿಯಲ್ಲಿ ಬಡಿಸಲು ನಿಂತ ಅನುಭವಸ್ಥನನ್ನು ನೆನೆದುಕೊಳ್ಳಿರಿ. ಯಾರ ಎಲೆ ಬರಿದಾಗಿದೆ, ಯಾರಿಗೆ ಈಗ ಸಾರು ಬೇಕು, ಯಾರು ಸಂಕೋಚದಿಂದ ಕೇಳದೆ ಕುಳಿತಿದ್ದಾರೆ ಎಂಬುದನ್ನು ಅವನು ತಲೆಯೆತ್ತಿ ಒಂದೇ ನೋಟದಲ್ಲಿ ಕಂಡುಕೊಳ್ಳುತ್ತಾನೆ. ಮಧ್ಯಾಂಗಣದ ಆಟಗಾರನೂ ಅಂಥವನೇ. ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಅದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿದಿರಬೇಕು. ಲೂಕಾನಿಗೆ ಈ ಕಣ್ಣು ಹುಟ್ಟಿನಿಂದಲೇ ಬಂದಿತ್ತು. ಬಾರದೆ ಇದ್ದದ್ದು ಮೈಕಟ್ಟು.

ಆ ಕರಾವಳಿಯ ಹುಡುಗರಿಗೆಲ್ಲ ಹೈದುಕ್ ಎಂಬ ಕ್ಲಬ್ಬು ದೇವಸ್ಥಾನವಿದ್ದಂತೆ. ಸ್ಪ್ಲಿಟ್ ನಗರದ ಈ ಕ್ಲಬ್ಬಿನ ಅಂಗಿ ತೊಡುವುದೇ ಜೀವನದ ಗುರಿ. ಲೂಕಾನೂ ಅಲ್ಲಿಗೆ ಹೋಗಿ ಪರೀಕ್ಷೆಗೆ ನಿಂತನು. ಅಲ್ಲಿಯವರು ನೋಡಿದರು, ಹುಡುಗ ಬಹಳ ಚಿಕ್ಕವನು, ಬಹಳ ನಿಶ್ಶಕ್ತ, ಇವನಿಂದ ಆಗದು ಎಂದು ಹಿಂದಕ್ಕೆ ಕಳುಹಿಸಿದರು. ಅವರ ಮೇಲೆ ತಪ್ಪು ಹೊರಿಸುವುದು ಈಗ ಸುಲಭ. ಆದರೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ಒಂದು ತಲೆ ಎತ್ತರವಿರುವ ಹುಡುಗ ಉಳಿದವರನ್ನು ನೂಕಿಕೊಂಡು ಹೋಗಿಬಿಡುತ್ತಾನೆ. ನೋಡುವವರ ಕಣ್ಣು ಅವನ ಮೇಲೆಯೇ ನಿಲ್ಲುತ್ತದೆ. ಈ ಮೋಸಕ್ಕೆ ಒಳಗಾದ ಪರೀಕ್ಷಕರು ಹೈದುಕ್ಕಿನವರು ಮಾತ್ರವಲ್ಲ.

ಮನಸ್ಸು ಮುರಿದು ಬಂದ ಹುಡುಗನನ್ನು ಹಿಡಿದು ನಿಲ್ಲಿಸಿದವರು ತೋಮಿಸ್ಲಾವ್ ಬಾಶಿಚ್. ಝಾದರ್ ಕ್ಲಬ್ಬಿನ ಕಿರಿಯರ ಶಾಲೆ ಅವರ ಹೊಣೆಯಲ್ಲಿತ್ತು. ಮುಂದೆ ಲೂಕಾ ಇವರನ್ನು ತನ್ನ ಕ್ರೀಡಾಜೀವನದ ತಂದೆಯೆಂದು ಕರೆದನು. ತೂಕದ ಲೆಕ್ಕ ಹಾಕುವವರ ನಡುವೆ ಈತನೊಬ್ಬರು ಕಾಯುವುದನ್ನು ಬಲ್ಲವರಾಗಿದ್ದರು. ಹುಡುಗ ಹದಿನಾರು ತುಂಬಿದಾಗ ಅವರೇ ಓಡಾಡಿ ಅವನನ್ನು ರಾಜಧಾನಿ ಝಾಗ್ರೆಬಿನ ದಿನಾಮೋ ಕ್ಲಬ್ಬಿಗೆ ಸೇರಿಸಿದರು. ಹೈದುಕ್ಕಿಗೂ ದಿನಾಮೋಗೂ ಹಾವು ಮುಂಗುಸಿಯ ಸಂಬಂಧವೆಂಬುದನ್ನು ತಿಳಿದವರು ಈ ತಿರುವಿನ ಸ್ವಾರಸ್ಯವನ್ನು ಬಲ್ಲರು.

ದಿನಾಮೋದಲ್ಲಿಯೂ ಬಾಗಿಲು ಕೂಡಲೇ ತೆರೆಯಲಿಲ್ಲ. ಕಿರಿಯರ ತಂಡದಲ್ಲಿ ಒಂದು ವರ್ಷ ಆಡಿದ ಮೇಲೆ, 2003ರಲ್ಲಿ, ಅವನನ್ನು ನೆರೆಯ ಬೋಸ್ನಿಯ ದೇಶಕ್ಕೆ ಎರವಲು ಕೊಟ್ಟರು. ಮೋಸ್ತಾರ್ ಪಟ್ಟಣದ ಜ್ರಿನ್ಸ್ಕಿ ಕ್ಲಬ್ಬು ಅದು. ಯುದ್ಧದಲ್ಲಿ ಎರಡಾಗಿ ಸೀಳಿದ್ದ ಊರು ಮೋಸ್ತಾರ್. ಅಲ್ಲಿನ ನೆರೆತ್ವಾ ನದಿಯ ಮೇಲೆ 16ನೆಯ ಶತಮಾನದಲ್ಲಿ ತುರ್ಕರು ಕಟ್ಟಿಸಿದ್ದ ಕಲ್ಲಿನ ಕಮಾನು ಸೇತುವೆ 1993ರ ನವೆಂಬರಿನಲ್ಲಿ ಫಿರಂಗಿಗಳಿಗೆ ಸಿಕ್ಕಿ ನೀರಿಗೆ ಉರುಳಿತ್ತು. ಲೂಕಾ ಅಲ್ಲಿ ಆಡಿದ ವರ್ಷ ಅದನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆ ಎಬ್ಬಿಸುತ್ತಿದ್ದರು. 2004ರ ಜುಲೈಯಲ್ಲಿ ಸೇತುವೆ ತೆರೆಯಿತು.

ಬೋಸ್ನಿಯದ ಲೀಗು ಒರಟು ಆಟಕ್ಕೆ ಹೆಸರಾದುದು. ಮೈದಾನ ಏರುಪೇರು, ಎದುರಾಳಿಗಳು ಮೂವತ್ತು ದಾಟಿದ ಗಟ್ಟಿಗರು. ಚೆಂಡಿಗೆ ಒದೆಯುವಾಗ ಕಾಲಿಗೂ ಬಿದ್ದರೆ ಯಾರೂ ಕ್ಷಮೆ ಕೇಳುವುದಿಲ್ಲ. ಕೃಶದೇಹದ ಹದಿನೆಂಟರ ಹುಡುಗ ಅಲ್ಲಿ ಒಂದೇ ಉಪಾಯ ಕಲಿತನು: ಪೆಟ್ಟು ಬರುವ ಮೊದಲೇ ಚೆಂಡನ್ನು ದಾಟಿಸಿ ತಾನು ಅಲ್ಲಿರಬಾರದು. ಆ ಋತುವಿನ ಕೊನೆಯಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಅವನಿಗೇ ಬಂದಿತು. ಬೋಸ್ನಿಯದಲ್ಲಿ ಆಡಬಲ್ಲವನು ಎಲ್ಲಿ ಬೇಕಾದರೂ ಆಡಬಲ್ಲನೆಂದು ಅವನು ಆಮೇಲೆ ಹೇಳಿಕೊಂಡುದರಲ್ಲಿ ಬಡಾಯಿಯೇನೂ ಇಲ್ಲ.

ದಿನಾಮೋದವರು ಇಷ್ಟಕ್ಕೂ ತೃಪ್ತರಾಗದೆ 2004ರಲ್ಲಿ ಅವನನ್ನು ಮತ್ತೊಮ್ಮೆ ಎರವಲಿಗೆ, ಈ ಸಲ ಇಂಟರ್ ಝಾಪ್ರೆಶಿಚ್ ಎಂಬ ಸಣ್ಣ ಕ್ಲಬ್ಬಿಗೆ ಕಳುಹಿಸಿದರು. ಲೂಕಾ ಇದ್ದ ಆ ಅರ್ಧ ಋತುವಿನಲ್ಲಿ ಸಣ್ಣ ಕ್ಲಬ್ಬು ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಏರಿ ಕುಳಿತಿತು! ದೊಡ್ಡ ದಿನಾಮೋ ಮಾತ್ರ ಆ ವರ್ಷ ಕೆಳಗಿನ ಗುಂಪಿಗೆ ಜಾರಿ ಏಳನೆಯದಾಗಿ ಮುಗಿಸಿತು. 2005ರ ಆರಂಭದಲ್ಲಿ ಅವನನ್ನು ಮರಳಿ ಕರೆಸಿಕೊಂಡರು. ಅದೇ ವರ್ಷ ಹತ್ತು ವರ್ಷಗಳ ದೀರ್ಘ ಒಪ್ಪಂದವಾಯಿತು. ಇಪ್ಪತ್ತರ ಹೊಸ್ತಿಲಿನಲ್ಲಿದ್ದ ತರುಣ ಆ ಹಣದಿಂದ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಝಾದರಿನಲ್ಲಿ ತಂದೆತಾಯಿಗಳಿಗೆ ಒಂದು ಮನೆ ಕೊಂಡದ್ದು. ಕಲ್ಲುಮನೆ ಸುಟ್ಟುಹೋಗಿ ಸುಮಾರು ಹದಿನಾಲ್ಕು ವರ್ಷಗಳಾಗಿದ್ದವು.

ಅಲ್ಲಿಂದ ಮುಂದಿನದು ವೇಗದ ಓಟ. 2006, 2007, 2008, ಮೂರು ವರ್ಷವೂ ದಿನಾಮೋಗೇ ಲೀಗು. 2006ರ ಮಾರ್ಚ್ 1ರಂದು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಅರ್ಜೆಂಟೀನದ ಎದುರು ಅವನು ಮೊದಲ ಬಾರಿಗೆ ದೇಶದ ಪರವಾಗಿ ಆಡಿದನು. ಕ್ರೊಯೇಷಿಯ 3–2ರಿಂದ ಗೆದ್ದಿತು. ಎದುರು ಪಕ್ಷದಲ್ಲಿ ಲಿಯೋನೆಲ್ ಮೆಸ್ಸಿ ಎಂಬ ಇನ್ನೊಬ್ಬ ಕುಳ್ಳ ತರುಣ ಅಂದೇ ತನ್ನ ದೇಶಕ್ಕಾಗಿ ಮೊದಲನೆಯ ಗೋಲು ಹೊಡೆದನೆಂಬುದು ಕಾಕತಾಳೀಯ. 2007ರ ನವೆಂಬರ್ 21ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಅದೇ 3–2ರಿಂದ ಸೋಲಿಸಿ, ಯೂರೋಪಿನ ಪಂದ್ಯಾವಳಿಯಿಂದಲೇ ಹೊರಗಿಟ್ಟ ತಂಡದ ನಡುವಿನಲ್ಲಿ ಲೂಕಾ ಇದ್ದನು. 2008ರ ಏಪ್ರಿಲಿನಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬು ಅವನನ್ನು ಒಂದು ಕೋಟಿ ಅರವತ್ತೈದು ಲಕ್ಷ ಪೌಂಡು ಕೊಟ್ಟು ಕೊಳ್ಳಲು ಒಪ್ಪಿತು.

ಆ ಬೇಸಗೆ ವಿಯೆನ್ನಾದಲ್ಲಿ ಯೂರೋಪಿನ ಪಂದ್ಯಾವಳಿ. ಆತಿಥೇಯ ಆಸ್ಟ್ರಿಯದ ಎದುರು ನಾಲ್ಕನೆಯ ನಿಮಿಷದಲ್ಲಿ ದೊರೆತ ಪೆನಾಲ್ಟಿಯನ್ನು ಇಪ್ಪತ್ತೆರಡರ ಲೂಕಾ ನಿರ್ಭಯವಾಗಿ ಗೋಲಾಗಿಸಿದನು. ಹನ್ನೆರಡು ದಿನಗಳ ಅನಂತರ, ಜೂನ್ 20ರಂದು, ಅದೇ ಊರಿನಲ್ಲಿ ತುರ್ಕಿಯ ಎದುರು ಕ್ವಾರ್ಟರ್ ಫೈನಲ್. ಎರಡು ಕಡೆಗೂ ಗೋಲಿಲ್ಲದೆ ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿತ್ತು. 119ನೆಯ ನಿಮಿಷದಲ್ಲಿ ಲೂಕಾ ತಿರುಗಿಸಿ ಕೊಟ್ಟ ಚೆಂಡನ್ನು ಕ್ಲಾಸ್ನಿಚ್ ತಲೆಯಿಂದ ಗೋಲಿಗೆ ಸೇರಿಸಿದನು. ಕ್ರೊಯೇಷಿಯದವರು ಕುಣಿದಾಡಿದರು. ಕುಣಿತ ನಿಲ್ಲುವುದರೊಳಗೆ, ಕೊನೆಯ ಕ್ಷಣಗಳಲ್ಲಿ, ತುರ್ಕಿ ಸಮ ಮಾಡಿತು. ಪಂದ್ಯ ಪೆನಾಲ್ಟಿಗಳಿಗೆ ಹೋಯಿತು. ಎಲ್ಲರಿಗಿಂತ ಮೊದಲು ಒದೆಯಲು ನಡೆದುಬಂದವನು ಲೂಕಾ. ಚೆಂಡು ಕಂಬದ ಹೊರಗೆ ಹೋಯಿತು. ಕ್ರೊಯೇಷಿಯ ಸೋತಿತು.

ಹತ್ತು ವರ್ಷಗಳಾದ ಮೇಲೆ, 2018ರ ಜುಲೈ 1ರಂದು, ರಷ್ಯದ ನಿಜ್ನಿ ನೊವ್ಗೊರೋದಿನಲ್ಲಿ ವಿಶ್ವಕಪ್ಪಿನ ಪಂದ್ಯ. ಎದುರಾಳಿ ಡೆನ್ಮಾರ್ಕ್. ಲೂಕಾ ಈಗ ನಾಯಕ. 116ನೆಯ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು, ಒದ್ದನು, ಡೇನಿಷ್ ಗೋಲಿ ಷ್ಮೈಕೆಲ್ ಹಾರಿ ಹಿಡಿದನು. ಕೆಲವೇ ನಿಮಿಷಗಳಲ್ಲಿ ಮತ್ತೆ ಪೆನಾಲ್ಟಿಗಳ ಸರದಿ, ಮತ್ತೆ ಅದೇ ಗೋಲಿ ಎದುರಿಗೆ. ಬೇರೆಯವರಾಗಿದ್ದರೆ ತಲೆ ತಗ್ಗಿಸಿ ಹಿಂದೆ ನಿಲ್ಲುತ್ತಿದ್ದರೇನೋ. ಲೂಕಾ ತನ್ನ ಪಕ್ಷದ ಮೂರನೆಯವನಾಗಿ ಬಂದು, ಚೆಂಡನ್ನು ಬಿಳಿಯ ಗುರುತಿನ ಮೇಲಿಟ್ಟು, ಹಿಂದೆ ಸರಿದು ಒದ್ದನು. ಈ ಸಲ ಅದು ಬಲೆ ಸೇರಿತು.