ತುಕ್ಕು ಹಿಡಿದ ಬುಲ್ಡೋಜರಿಗೆ ಸಂಘದ ಹಣವೇ?



ಹಳೆಯದೊಂದು ಬುಲ್ಡೋಜರನ್ನು ನಡೆಯುವ ಸ್ಥಿತಿಗೆ ತರಲು ನಮ್ಮ ಸಂಘದ ಸಹಾಯ ನಿಧಿಯಿಂದ ಒಂದು ಲಕ್ಷ ರೂಪಾಯಿ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ಬರುವ ರವಿವಾರದ ಸಭೆಯ ಮುಂದಿದೆ. ಸಭೆ ಸೇರುವ ಮೊದಲೇ ಹೋಟೆಲುಗಳ ಮೋರಿಯ ಬಳಿ, ಚಾಳುಗಳ ಜಗಲಿಯಲ್ಲಿ ವಾದವಿವಾದ ನಡೆದಿದೆ. "ಮಕ್ಕಳ ಪುಸ್ತಕಕ್ಕೆ, ಆಸ್ಪತ್ರೆಯ ಖರ್ಚಿಗೆ ಎಂದು ಕೂಡಿಟ್ಟ ಹಣ, ಆ ಕಬ್ಬಿಣದ ಕೋಣಕ್ಕೆ ಯಾಕೆ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ನಾವು ಮಾತ್ರ ಕೊಡಬೇಕು ಎನ್ನುವ ಪಕ್ಷದವರು. ಹಾಗೆಂದು ಕಣ್ಣು ಮುಚ್ಚಿ ಕೊಡಬೇಕೆಂದು ಹೇಳುವವರಲ್ಲ.

ವಿಷಯ ತಿಳಿಯದವರಿಗಾಗಿ ನಾಲ್ಕು ಮಾತು. ವಿಜಾಪುರ ಸೀಮೆಯ ಒಂದು ಊರು. ಅಲ್ಲಿಂದ ಒಂದು ಕಾಲಕ್ಕೆ ಮನೆಗೊಬ್ಬರಂತೆ ಮುಂಬಯಿಯ ಮಿಲ್ಲುಗಳಿಗೆ ಬಂದರು. 1982ರ ಮುಷ್ಕರದ ನಂತರ ಹಲವರು ಊರಿಗೆ ಮರಳಿದರು, ಉಳಿದವರು ಇಲ್ಲಿಯೇ ಸಿಕ್ಕಿದ ಕೆಲಸ ಹಿಡಿದರು. ಊರಿಗೊಂದು ಕೆರೆಯಿದೆ. ಹೂಳು ತುಂಬಿ ಮಾಘ ಮಾಸಕ್ಕೇ ತಳ ಕಾಣುತ್ತದೆ. ಏರಿ ಎರಡು ಕಡೆ ಕುಸಿದಿದೆ. ಅಲ್ಲಿಯ ಸಹಕಾರಿ ಸಂಘದವರು ಹಿಂದೊಮ್ಮೆ ಹರಾಜಿನಲ್ಲಿ ಕೊಂಡ ಬುಲ್ಡೋಜರು ಬೇವಿನ ಮರದ ಕೆಳಗೆ ಹದಿನಾಲ್ಕು ವರ್ಷದಿಂದ ನಿಂತಿದೆ. ಅದನ್ನು ನಡೆಸುತ್ತಿದ್ದಾತ ತೀರಿಕೊಂಡ. ಮತ್ತೊಬ್ಬನಿಗೆ ಅದರ ವಿದ್ಯೆ ಬರುತ್ತಿರಲಿಲ್ಲ. ಗುಜರಿಯವನು ಬಂದು ಮೂರು ಲಕ್ಷ ಬೆಲೆ ಕಟ್ಟಿದಾಗ ಊರವರಿಗೆ ಮುಂಬಯಿಯ ಮಂದಿಯ ನೆನಪಾಗಿ ನಮಗೆ ಕಾಗದ ಬರೆದರು.

ಯಂತ್ರ ನಮ್ಮ ನಾಡಿನದೇ. ಭಾರತ್ ಅರ್ಥ್ ಮೂವರ್ಸ್ ಎಂಬ ಸರಕಾರಿ ಕಂಪನಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಜಪಾನಿನ ಕೊಮಾತ್ಸು ಕಂಪನಿಯ ನೆರವಿನಿಂದ ಅದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬುಲ್ಡೋಜರುಗಳನ್ನು ಕಟ್ಟಿತು. ಗಣಿ 2001ರಲ್ಲಿ ಮುಚ್ಚಿತು, ಬುಲ್ಡೋಜರಿನ ಕಾರ್ಖಾನೆ ಉಳಿಯಿತು. ನಮ್ಮ ಊರಿನ ಯಂತ್ರ ಚಿಕ್ಕ ಜಾತಿಯದು. ಚಿಕ್ಕದೆಂದರೆ ಹನ್ನೆರಡು ಟನ್ನಿನ ಆಸುಪಾಸು.

ನಾವು ಮೂವರು ಸೊಲ್ಲಾಪುರದ ಮೇಲೆ ರೈಲಿನಲ್ಲಿ ಹೋದೆವು. ನಮ್ಮಲ್ಲಿ ಇಬ್ಬರು ಹೋಟೆಲಿನವರು; ಬುಲ್ಡೋಜರಿನ ಹಿಂದು ಮುಂದು ತಿಳಿಯದವರು. ಮೂರನೆಯವರು ಕಾಕಾ. ಮಿಲ್ಲಿನ ಮೆಕ್ಯಾನಿಕ್ ಖಾತೆಯಲ್ಲಿ ಫಿಟ್ಟರ್ ಆಗಿದ್ದವರು, ಎಪ್ಪತ್ತು ದಾಟಿದ ಹಿರಿಯರು. ಮಿಲ್ಲು ನಿಂತ ಮೇಲೆ ಹತ್ತು ವರ್ಷ ಒಬ್ಬ ಗುತ್ತಿಗೆದಾರನ ಕಲ್ಲುಗಣಿಯಲ್ಲಿ ಇಂಥ ಯಂತ್ರಗಳ ರಿಪೇರಿ ಮಾಡಿದವರು. ಕೊನೆಗೆ ಒಂದು ಕಟ್ಟಡದ ಗೇಟಿನಲ್ಲಿ ಕಾವಲು ಕೂತರು. ಅವರ ಕೈಯ ವಿದ್ಯೆಯನ್ನು ಮೂವತ್ತು ವರ್ಷ ಈ ಪಟ್ಟಣದಲ್ಲಿ ಯಾರೂ ಕೇಳಲಿಲ್ಲ. ಸಂಘದವರಾದ ನಾವೂ ಕೇಳಲಿಲ್ಲ, ಒಪ್ಪಿಕೊಳ್ಳೋಣ.

ಊರ ಹುಡುಗರು ಆಗಲೇ ಒಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ನಿಂತಿದ್ದರು. ಎಳೆದು ಗೇರಿಗೆ ಹಾಕಿದರೆ ಎಂಜಿನ್ ಬಿಟ್ಟುಕೊಳ್ಳುತ್ತದೆ ಎಂದು ಅವರ ಲೆಕ್ಕ. ಕಾಕಾ ಕೈ ಅಡ್ಡ ಹಿಡಿದರು. "ಜಗ್ಗಬ್ಯಾಡ್ರೋ ತಮ್ಮಾ. ಒಳಗ ಪಿಸ್ಟನ್ ಹಿಡಕೊಂಡಿದ್ದರ ರಾಡ್ ಬಾಗತೈತಿ. ಮೊದಲ ಏನಾಗೇತಿ ನೋಡೂಣು."

ನೋಡಿದರೆ ಸೈಲೆನ್ಸರ್ ಕೊಳವೆಯ ಬಾಯಿ ಆಕಾಶಕ್ಕೆ ತೆರೆದಿತ್ತು. ಅದರ ಮೇಲಿನ ಮುಚ್ಚಳ ಯಾವಾಗಲೋ ಹೋಗಿದೆ. ಹದಿನಾಲ್ಕು ಮಳೆಗಾಲದ ನೀರು ಆ ದಾರಿಯಲ್ಲಿ ಎಂಜಿನ್ನಿಗೆ ಇಳಿದಿದೆ. ಹೋಟೆಲಿನಲ್ಲಿ ದಿನಕ್ಕೆ ನಾಲ್ಕು ಎಣ್ಣೆ ಡಬ್ಬಿ ಖಾಲಿ ಮಾಡಿ ಎಸೆಯುತ್ತೇವಲ್ಲ, ಅಂಥ ಒಂದು ಡಬ್ಬಿಯನ್ನು ಆ ಕೊಳವೆಯ ಮೇಲೆ ಬೋರಲು ಹಾಕಿದ್ದರೆ ಸಾಕಿತ್ತು. ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿತ್ತು. ಎಂಜಿನ್ ಆಯಿಲಿನ ಬೋಲ್ಟು ಸಡಿಲಿಸಿದಾಗ ಮೊದಲು ಬಂದದ್ದು ನೀರು, ಆಮೇಲೆ ಕೆಸರಿನಂಥ ಎಣ್ಣೆ. ಡೀಸೆಲ್ ಟಾಂಕಿಯ ತಳದಲ್ಲಿ ತುಕ್ಕಿನ ರಾಡಿ.

ಮುಂದಿನ ಕೆಲಸ ತಾಳ್ಮೆಯದು. ನೋಸಲ್‌ಗಳನ್ನು ಬಿಚ್ಚಿ ತೆಗೆದು, ಒಂದೊಂದು ಸಿಲಿಂಡರಿಗೂ ಸೀಮೆ ಎಣ್ಣೆ ಮತ್ತು ಆಯಿಲ್ ಬೆರೆಸಿ ಸುರಿದು, ಬಾಯಿಗೆ ಬಟ್ಟೆ ತುರುಕಿ ಬಿಟ್ಟರು. ಒಂದು ದಿನ, ಎರಡು ದಿನ. ಇಂಗಿದರೆ ಮತ್ತೆ ಸುರಿಯುವುದು. ಐದನೆಯ ದಿನ ಫ್ಲೈವೀಲಿನ ಹಲ್ಲಿಗೆ ಹಾರೆ ಕೊಟ್ಟು ಮೆಲ್ಲಗೆ ಮೀಟಿದರು. ಜಗ್ಗಲಿಲ್ಲ. ಏಳನೆಯ ದಿನ ಒಂದು ಬೆರಳಿನಷ್ಟು ಸರಿಯಿತು. ಸರಿದಷ್ಟು ಮತ್ತೆ ಹಿಂದಕ್ಕೆ ತರಬೇಕು, ಮತ್ತೆ ಮುಂದಕ್ಕೆ. ಒಂದೇ ದಿಕ್ಕಿಗೆ ಜೋರು ಮಾಡಿದರೆ ರಿಂಗು ಮುರಿಯುತ್ತದೆ. ನಮ್ಮ ರಜೆ ಮುಗಿದು ನಾವಿಬ್ಬರು ಹಿಂತಿರುಗಿದೆವು. ಕಾಕಾ ಅಲ್ಲಿಯೇ ಉಳಿದರು. ಒಂಬತ್ತನೆಯ ದಿನ ಫೋನು ಬಂತು: ಪೂರಾ ಒಂದು ಸುತ್ತು ತಿರುಗಿತು.

ಡೀಸೆಲ್ ಪಂಪನ್ನು ಬಿಚ್ಚಿ ಪಟ್ಟಣದ ಪಂಪ್ ರೂಮಿಗೆ ಕಳಿಸಿದರು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಪಂಪಿನೊಳಗಿನ ಅಳತೆ ಕೂದಲೆಳೆಗಿಂತ ಸೂಕ್ಷ್ಮ. 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟು ಮಾಡಿದರು. ಎಂಜಿನ್ ಹೊತ್ತಿಸುವ ದಿನಕ್ಕೆ ನಾವು ಮತ್ತೆ ಹೋಗಿದ್ದೆವು. ಕಾಕಾ ಒಂದು ದಪ್ಪ ಹಲಗೆ ಹಿಡಿದು ಗಾಳಿ ಒಳಹೋಗುವ ಬಾಯಿಯ ಪಕ್ಕಕ್ಕೆ ನಿಂತರು. ಯಾಕೆಂದರೆ ಬಹುಕಾಲ ನಿಂತ ಡೀಸೆಲ್ ಎಂಜಿನ್ ಕೆಲವೊಮ್ಮೆ ಹೊತ್ತಿಕೊಂಡ ಕೂಡಲೆ ಕೈಗೆ ಸಿಗದಂತೆ ವೇಗ ಏರುತ್ತದೆ. ಕೀಲಿ ತಿರುವಿದರೂ ನಿಲ್ಲದು, ಸಿಡಿದೇ ನಿಲ್ಲುವುದು. ಆಗ ಗಾಳಿ ಕಟ್ಟುವುದೊಂದೇ ಉಪಾಯ. ಹಲಗೆ ಬೇಕಾಗಲಿಲ್ಲ. ಸೆಲ್ಫ್ ಹೊಡೆದ ಮೂರನೆಯ ಸಲಕ್ಕೆ ಬಿಳಿ ಹೊಗೆ, ಆಮೇಲೆ ಕಪ್ಪು ಹೊಗೆ, ಆಮೇಲೆ ಸದ್ದು. ಹನ್ನೊಂದು ನಿಮಿಷ ನಡೆಸಿ ನಿಲ್ಲಿಸಿದರು. ಊರಿನ ಹೆಂಗಸರು ಬಂದು ಬ್ಲೇಡಿಗೆ ಕುಂಕುಮ ಹಚ್ಚಿದರು. ಮರುದಿನ ಗುಜರಿಯವನು ಬಂದು ಬೆಲೆಯನ್ನು ಮೂರೂವರೆ ಲಕ್ಷಕ್ಕೆ ಏರಿಸಿದ!

ಇಷ್ಟಕ್ಕೆ ಖರ್ಚಾದದ್ದು 70,000 ರೂಪಾಯಿ. ಊರವರೂ ನಮ್ಮಲ್ಲಿ ಕೆಲವರೂ ಕೈಯಿಂದ ಹಾಕಿದ್ದು; ಸಂಘದ ಹಣ ಒಂದು ಪೈಸೆ ಇಲ್ಲ. ಎಂಜಿನ್ ಕೂಗಿತೆಂದ ಮಾತ್ರಕ್ಕೆ ಬುಲ್ಡೋಜರು ಸಿದ್ಧವಾಯಿತೆಂದು ಯಾರೂ ತಿಳಿಯಬಾರದು. ಅದು ಈಗ ನೇರ ಹೋಗುತ್ತದೆ, ತಿರುಗುವುದಿಲ್ಲ. ಎಡಬಲಕ್ಕೆ ತಿರುಗಿಸುವ ಕ್ಲಚ್ಚಿನ ತಟ್ಟೆಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಂಡಿವೆ. ನಿಜವಾದ ಖರ್ಚು ಇರುವುದು ಕೆಳಗೆ: ಚೈನು, ರೋಲರು, ಹಲ್ಲುಚಕ್ರ. ಬುಲ್ಡೋಜರಿನ ಆಯುಷ್ಯದಲ್ಲಿ ರಿಪೇರಿಯ ಹಣದ ದೊಡ್ಡ ಪಾಲು ತಿನ್ನುವುದು ಈ ಕಾಲುಗಳೇ. ಹೊಸ ಚೈನು ಕೊಳ್ಳುವುದೆಂದರೆ ನಮ್ಮ ಶಕ್ತಿಗೆ ಮೀರಿದ್ದು. ಆದರೆ ಚೈನಿನ ಪಿನ್ನು ಬುಷ್ಷುಗಳು ಒಂದೇ ಮಗ್ಗುಲಿಗೆ ಸವೆದಿರುತ್ತವೆ. ಪ್ರೆಸ್ಸಿನಲ್ಲಿ ಹೊಡೆದು ತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಮಗ್ಗುಲು ಕೆಲಸಕ್ಕೆ ಬರುತ್ತದೆ. ರೋಲರಿಗೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಕೊಡಬಹುದು. ಹೀಗೆ ಮಾಡಿದರೂ ಇನ್ನು ನಾಲ್ಕು ಲಕ್ಷ ಬೇಕು. ಮೂರು ಊರವರದು, ಒಂದು ನಮ್ಮಿಂದ ಕೇಳಿದ್ದಾರೆ.

ಈಗ ವಿರೋಧದ ಮಾತು. "ಮೂರೂವರೆ ಲಕ್ಷಕ್ಕೆ ಮಾರಿ, ಅದೇ ಹಣದಲ್ಲಿ ಬಾಡಿಗೆ ಯಂತ್ರ ತಂದು ಹೂಳೆತ್ತಿ" ಎನ್ನುತ್ತಾರೆ ಲೆಕ್ಕ ಬಲ್ಲ ಗೆಳೆಯರು. ಲೆಕ್ಕವನ್ನು ನಾವೂ ಹಾಕಿದೆವು. ಗಂಟೆಗೆ 1,200 ರೂಪಾಯಿ ಬಾಡಿಗೆ ಎಂದರೆ ಆ ಹಣ ಮುನ್ನೂರು ಗಂಟೆಗೂ ಸಾಲದು. ದಿನಕ್ಕೆ ಎಂಟು ಗಂಟೆಯಂತೆ ತಿಂಗಳು ಒಂದೂಕಾಲು. ಆಮೇಲೆ ಕೆರೆಯಲ್ಲಿ ಅರ್ಧ ಹೂಳು, ಊರಲ್ಲಿ ಯಂತ್ರವೂ ಇಲ್ಲ. ಆದರೂ ನ್ಯಾಯವಾಗಿ ಹೇಳಬೇಕು: ಬುಲ್ಡೋಜರೊಂದರಿಂದಲೇ ಹೂಳೆತ್ತುವುದಾಗದು. ಅದು ಮಣ್ಣನ್ನು ತಳ್ಳುತ್ತದೆ, ಎತ್ತಿ ಲಾರಿಗೆ ತುಂಬುವುದಿಲ್ಲ. ನೂರು ಮೀಟರಿಗಿಂತ ಆಚೆ ತಳ್ಳಿಸಿದರೆ ಡೀಸೆಲ್ ದಂಡ, ಅದೂ ಗಂಟೆಗೆ ಹತ್ತು ಹದಿನೈದು ಲೀಟರು ಕುಡಿಯುವ ಯಂತ್ರ. ಹೂಳನ್ನು ಒಂದೆಡೆ ಗುಡ್ಡೆ ಹಾಕುವುದು, ಕುಸಿದ ಏರಿಯನ್ನು ಕಟ್ಟುವುದು, ಹೊಲ ಸಮ ಮಾಡುವುದು ಅದರ ಕೆಲಸ. ಗುಡ್ಡೆಯಾದ ಹೂಳನ್ನು ತುಂಬಲು ಬಾಡಿಗೆ ಯಂತ್ರ ಬರಲಿ. ಅದಕ್ಕೆ ಕಡಿಮೆ ಗಂಟೆ ಸಾಕು. ಇನ್ನೊಂದು ಎಚ್ಚರ: ಕೆರೆಯ ತಳದ ಜೇಡಿ ಪದರವನ್ನು ಹೆರೆದು ತೆಗೆದರೆ ನೀರು ನಿಲ್ಲುವುದೇ ಇಲ್ಲ. ಇದನ್ನು ಊರವರಿಗೆ ಬರೆದು ತಿಳಿಸಿದ್ದೇವೆ.

ಹಳೆಯ ಯಂತ್ರ ಎಂದು ಮೂಗು ಮುರಿಯುವವರು ಒಂದು ಚರಿತ್ರೆಯನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಈ ದೇಶದಲ್ಲಿ ಬಿಟ್ಟುಹೋದ ಚೈನಿನ ಟ್ರ್ಯಾಕ್ಟರುಗಳನ್ನು ಸರಿಪಡಿಸಿ, 1947ರಲ್ಲಿ ಸರಕಾರ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯೊಂದನ್ನು ಕಟ್ಟಿತು. ಉತ್ತರ ಪ್ರದೇಶ, ಮಧ್ಯ ಭಾರತದ ಕಡೆ ಕಾನ್ಸ್ ಎಂಬ ಆಳ ಬೇರಿನ ಹುಲ್ಲು ಹಬ್ಬಿ ಪಾಳು ಬಿದ್ದ ಹೊಲಗಳನ್ನು ಅವು ಉತ್ತವು. ಹೊಸ ಯಂತ್ರಕ್ಕೆಂದು ವಿಶ್ವ ಬ್ಯಾಂಕಿನ ಒಂದು ಕೋಟಿ ಡಾಲರ್ ಸಾಲ ಸಿಕ್ಕಿದ್ದು ಆಮೇಲೆ, 1949ರಲ್ಲಿ. ಅನ್ನಕ್ಕೆ ತತ್ವಾರವಿದ್ದ ಆ ದಿನಗಳಲ್ಲಿ ಹೊಸದು ಬರಲೆಂದು ಕೈಕಟ್ಟಿ ಕೂರಲಿಲ್ಲ.

ನಮ್ಮ ಅನುಭವದ್ದೂ ಒಂದಿದೆ. ಹದಿನೇಳರ ವಯಸ್ಸಿನಲ್ಲಿ ನಾವು ಕೆಲಸಕ್ಕಿದ್ದ ಹೋಟೆಲಿನಲ್ಲಿ ಗ್ರೈಂಡರು ನಿಂತುಹೋಯಿತು. ಹುಡುಗ ಹಾಳು ಮಾಡಿದ ಎಂದು ಮೂರು ತಿಂಗಳು ಸಂಬಳದಲ್ಲಿ ಹಿಡಿದರು, ಗ್ರೈಂಡರನ್ನು ಗುಜರಿಗೆ ಹಾಕಿದರು. ವರ್ಷದ ಮೇಲೆ ಅದೇ ಗ್ರೈಂಡರು ಪಕ್ಕದ ಬೀದಿಯ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿತ್ತು. ಬೇರಿಂಗ್ ಒಂದು ಹೋಗಿತ್ತಂತೆ, ಅಷ್ಟೇ.

ಇದೆಲ್ಲಕ್ಕಿಂತ ಗಟ್ಟಿಯಾದ ವಿರೋಧ ನಮ್ಮ ಸಪ್ಲೈಯರ್ ಮಿತ್ರರೊಬ್ಬರದು. ಅವರ ಜೋಪಡಿಯನ್ನು ಕೆಡವಿ ಆರು ವರ್ಷವಾಯಿತು. "ಅಣ್ಣಾ, ಆ ಹೆಸರು ಕೇಳಿದರೆ ನನ್ನ ಹೆಂಡತಿ ಇನ್ನೂ ಬೆಚ್ಚಿಬೀಳುತ್ತಾಳೆ. ಅದನ್ನು ನಮ್ಮ ಹಣದಲ್ಲಿ ನಾವೇ ಎಬ್ಬಿಸುವುದೇ?" ಎಂದರು. ಅಂದು ಬಂದದ್ದು ಜೆ.ಸಿ.ಬಿ. ಯಂತ್ರ, ಜನರ ಬಾಯಲ್ಲಿ ಮನೆ ಕೆಡವುವುದೆಲ್ಲ ಬುಲ್ಡೋಜರೇ. ಆದರೆ ಅದನ್ನು ಹೇಳಿ ಅವರ ಬಾಯಿ ಮುಚ್ಚಿಸಲು ನಮಗೆ ಮನಸ್ಸಾಗಲಿಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ಆರೋಪಿ ಎಂಬ ಕಾರಣಕ್ಕೆ ಮನೆ ಕೆಡವಕೂಡದು, ಕೆಡವುವ ಮೊದಲು 15 ದಿನದ ನೋಟೀಸು ಬೇಕು ಎಂದು ತೀರ್ಪಿತ್ತಿದೆ. ಆದರೆ ರಸ್ತೆ, ಫುಟ್‌ಪಾತು, ರೈಲು ಹಳಿಯ ಪಕ್ಕದಲ್ಲಿ ಅನಧಿಕೃತವಾಗಿ ಕಟ್ಟಿದ್ದಕ್ಕೆ ಆ ರಕ್ಷಣೆಯಿಲ್ಲ. ನಮ್ಮವರಲ್ಲಿ ಅನೇಕರು ಇರುವುದು ಎಲ್ಲಿ ಎಂಬುದು ಎಲ್ಲರಿಗೂ ಗೊತ್ತು.

ಆದ್ದರಿಂದ ನಮ್ಮ ಸೂಚನೆ ಇದು. ಹಣ ಕೊಡೋಣ, ಕರಾರಿನ ಮೇಲೆ. ಈ ಯಂತ್ರ ಯಾರ ಮನೆ ಕೆಡವಲೂ ಬಾಡಿಗೆಗೆ ಹೋಗತಕ್ಕದ್ದಲ್ಲ ಎಂದು ಸಹಕಾರಿ ಸಂಘದವರು ಠರಾವು ಮಾಡಿ ಬರೆದುಕೊಡಬೇಕು. ಅವರು ಒಪ್ಪದಿದ್ದರೆ ಒಂದು ಲಕ್ಷ ನಮ್ಮ ಬಳಿಯೇ ಇರಲಿ. ಲಕ್ಷದಲ್ಲಿ 60,000 ಬಿಡಿಭಾಗಕ್ಕೆ, 40,000 ಮಜೂರಿಗೆ. ಕಾಕಾ ಇದುವರೆಗೆ ಊಟ, ರೈಲು ಖರ್ಚು ಬಿಟ್ಟು ಏನನ್ನೂ ತೆಗೆದುಕೊಂಡಿಲ್ಲ. ಹಿರಿಯರು ಪ್ರೀತಿಯಿಂದ ಮಾಡುತ್ತಾರೆಂದು ಕೂಲಿ ಕೊಡದಿರುವುದು ಮಾಲಕರ ಪದ್ಧತಿ, ಸಂಘದ್ದಲ್ಲ. ಅವರ ಕೈಕೆಳಗೆ ಊರಿನ ಇಬ್ಬರು ಹುಡುಗರು ಸಂಬಳ ಪಡೆದು ಕಲಿಯಬೇಕು. ಕಲಿಯುವವರಿಲ್ಲದೆ ಬರೀ ಯಂತ್ರ ಸರಿಮಾಡಿದರೆ ಇನ್ನು ಹತ್ತು ವರ್ಷಕ್ಕೆ ಮತ್ತೆ ಬೇವಿನ ಮರದ ಕೆಳಗೇ. ಎತ್ತಿದ ಬ್ಲೇಡಿನ ಕೆಳಗೆ ದಿಮ್ಮಿ ಕೊಡದೆ ಯಾರೂ ನುಗ್ಗಕೂಡದು. ಕೆಲಸ ಮಾಡುವವರ ಹೆಸರಿನಲ್ಲಿ ಅಪಘಾತ ವಿಮೆ ಮೊದಲು, ಪಿನ್ನು ಬುಷ್ಷು ಆಮೇಲೆ.

ಸಪ್ಲೈಯರ್ ಮಿತ್ರರಿಗೆ ಈ ಕರಾರುಗಳನ್ನು ಓದಿ ಹೇಳಿದೆವು. ಅವರು ಇನ್ನೂ ಒಪ್ಪಿಲ್ಲ. ಸಭೆಗೆ ಬಂದು ವಿರೋಧವಾಗಿ ಮಾತಾಡುತ್ತೇನೆ ಎಂದಿದ್ದಾರೆ. ಅವರಿಗೆ ಮೊದಲು ಮಾತಾಡುವ ಅವಕಾಶ ಕೊಡಬೇಕೆಂದು ಅಧ್ಯಕ್ಷರಲ್ಲಿ ನಾವೇ ಕೇಳಿಕೊಂಡಿದ್ದೇವೆ.

ಸಭೆ ರವಿವಾರ ಮಧ್ಯಾಹ್ನ ಮೂರೂವರೆಗೆ, ಹೋಟೆಲುಗಳಲ್ಲಿ ಊಟದ ಗಿರಾಕಿ ಇಳಿದ ಮೇಲೆ. ಕಾಕಾ ಬರುತ್ತಾರೆ. ಸವೆದ ಬುಷ್ಷೊಂದನ್ನು ಚೀಲದಲ್ಲಿ ಹಾಕಿಕೊಂಡು ಬರುವುದಾಗಿ ಹೇಳಿದ್ದಾರೆ. ನೋಡಬೇಕೆನ್ನುವವರು ಕಾಲು ಗಂಟೆ ಮೊದಲೇ ಬನ್ನಿ.