ಕಾಡಿನ ಬಂದೂಕು ಯಾರ ಲೆಕ್ಕಕ್ಕೆ?

ಒಂಬತ್ತನೇ ತರಗತಿಗೆ ಪೌರನೀತಿ ಪಾಠ ಮಾಡುತ್ತಿದ್ದೆವು. ಪೊಲೀಸು, ಕಾನೂನು ಸುವ್ಯವಸ್ಥೆ ಇವೆಲ್ಲ ರಾಜ್ಯಪಟ್ಟಿಗೆ ಸೇರಿದ ವಿಷಯ ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಹಾಗಾದ್ರೆ ವೀರಪ್ಪನ್ ಯಾವ ರಾಜ್ಯದ ಲೆಕ್ಕಕ್ಕೆ ಬರ್ತಾನೆ ಸಾರ್?"

ಮಕ್ಕಳೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ.

ಅವನು ಹುಟ್ಟಿದ್ದು ಕರ್ನಾಟಕದ ಗೋಪಿನಾಥಂನಲ್ಲಿ. 2004ರ ಅಕ್ಟೋಬರ್ 18ರಂದು ಸತ್ತದ್ದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದದ್ದು ನಮ್ಮ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದ. ಅಷ್ಟು ಹೊತ್ತಿಗೆ ಅವನು ಬರೀ ದಂತ, ಗಂಧದ ಕಳ್ಳನಾಗಿ ಉಳಿದಿರಲಿಲ್ಲ. ತಮಿಳುನಾಡು ವಿಮೋಚನಾ ಸೇನೆಯ ಉಗ್ರರು ಜೊತೆ ಸೇರಿದ್ದರು. ಕಾವೇರಿ ನೀರು, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ, ಟಾಡಾ ಕೈದಿಗಳ ಬಿಡುಗಡೆ ಎಲ್ಲವೂ ಬೇಡಿಕೆಯ ಪಟ್ಟಿಯಲ್ಲಿದ್ದವು.

ಸರ್ಕಾರಗಳು ಟಾಡಾ ಮೊಕದ್ದಮೆ ಕೈಬಿಡಲು ಹೊರಟವು. ವೀರಪ್ಪನ್ ಕೈಯಲ್ಲಿ ಮಗನನ್ನು, ಒಬ್ಬ ಸಬ್ ಇನ್ಸ್‌ಪೆಕ್ಟರನ್ನು, ಕಳೆದುಕೊಂಡಿದ್ದ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟು ಅದನ್ನು ತಡೆಯಿತು. ನವೆಂಬರ್ 15ರಂದು, 108 ದಿನಗಳ ಮೇಲೆ, ಅಣ್ಣಾವ್ರು ಹಿಂತಿರುಗಿದರು.

ಒತ್ತೆಯಾಳಿನ ತಲೆಗೆ ಬಂದೂಕು ಇಟ್ಟಾಗ ಸರ್ಕಾರ ಏನು ತಾನೇ ಮಾಡೀತು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ನಮ್ಮ ಪ್ರಶ್ನೆ ಆ 108 ದಿನಗಳದ್ದಲ್ಲ, ಅದಕ್ಕೆ ಹಿಂದಿನ ವರ್ಷಗಳದ್ದು. ಒಂದು ಗುಂಪು ಬಂದೂಕು ಹಿಡಿದು ಕಾಡು ಆಳುತ್ತಿದ್ದಾಗ ಅವರು ಇವರತ್ತ, ಇವರು ಅವರತ್ತ ಬೆರಳು ತೋರಿಸಿದರು. ಮತದಾರರಾದ ನಾವೇನು ಮಾಡಿದೆವು? ಅವನು ತಮಿಳನೋ ಕನ್ನಡಿಗನೋ ಎಂದು ಜಗಳಾಡಿದೆವು. ಓಟು ಕೇಳಲು ಬಂದವರನ್ನು, "ನಮ್ಮ ಕಾಡಿನಲ್ಲಿ ಆಳ್ವಿಕೆ ಯಾರದು ಸ್ವಾಮಿ?" ಎಂದು ಕೇಳಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಅವನನ್ನು ಹಿಡಿಯುವ ಹೆಸರಿನಲ್ಲಿ ಕಾರ್ಯಪಡೆಗಳು ಕಾಡಂಚಿನ ಬಡವರನ್ನು ಎಳೆದೊಯ್ದು ಹಿಂಸಿಸಿದವು ಎಂಬ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2004ರಲ್ಲಿ ವೀರಪ್ಪನ್ ಸತ್ತ ಕೆಲವೇ ದಿನಗಳಲ್ಲಿ ತಮಿಳುನಾಡು ಕಾರ್ಯಪಡೆಯವರಿಗೆ ಬಡ್ತಿ, ನಿವೇಶನ, ತಲಾ 3 ಲಕ್ಷ ರೂಪಾಯಿ ಘೋಷಣೆಯಾಯಿತು. ನೊಂದವರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಲು 2007 ಆಗಬೇಕಾಯಿತು. ಜೀವದ ಹಂಗು ತೊರೆದು ದುಡಿದ ಪೊಲೀಸರಿಗೆ ಬಹುಮಾನ ಬೇಡ ಎನ್ನುತ್ತಿಲ್ಲ. ಆದರೆ ಬಹುಮಾನಕ್ಕೆ ಇದ್ದ ಅವಸರ ನ್ಯಾಯಕ್ಕೆ ಯಾಕಿರಲಿಲ್ಲ? ಆ ಬಡವರ ಓಟಿನಿಂದ ಯಾವ ಸರ್ಕಾರವೂ ಬೀಳುವುದಿಲ್ಲ ಎಂದೇ?

ತನ್ನ ನೆಲದಲ್ಲಿ ಖಾಸಗಿ ಬಂದೂಕು ಬೆಳೆಯಲು ಬಿಟ್ಟರೆ ಸರ್ಕಾರ ಹೊಣೆ. ಅದನ್ನು ಅಡಗಿಸಲು ಹೋಗಿ ಅಮಾಯಕರನ್ನು ತುಳಿದರೂ ಸರ್ಕಾರವೇ ಹೊಣೆ. ಎರಡನ್ನೂ ಕಂಡು, ಯಾರನ್ನೂ ಏನೂ ಕೇಳದೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ ಆ ಹೊಣೆಯಲ್ಲಿ ನಮಗೂ ಪಾಲಿದೆ. ಭಯದಿಂದ ಬಾಯಿ ಕಟ್ಟಿದ್ದ ಕಾಡಂಚಿನವರನ್ನು ದೂರಲಾರೆವು. ಭಯವಿಲ್ಲದ ಊರುಗಳಲ್ಲಿ ಕೂತಿದ್ದವರು ಕೇಳಬಹುದಿತ್ತಲ್ಲ?

ಹುಡುಗನಿಗೆ ಇಷ್ಟೇ ಹೇಳಿದೆವು: "ಎರಡೂ ರಾಜ್ಯದ ಲೆಕ್ಕಕ್ಕೆ ಬರ್ತಾನಪ್ಪ. ನಮ್ಮ ಲೆಕ್ಕಕ್ಕೂ ಬರ್ತಾನೆ. ನಿನಗೆ ಹದಿನೆಂಟು ತುಂಬಿದಾಗ ಈ ಪ್ರಶ್ನೆ ಮರೀಬೇಡ."