ಹಿಡಿಯೊಳಗಿನ ಕಬ್ಬಿಣ

ಕಳೆದ ಮಳೆಗಾಲದಲ್ಲಿ ತೆಂಗಿನ ಮಡಲು ಸೀಳುತ್ತಿದ್ದಾಗ ಹೊಸ ಕತ್ತಿಯ ಅಲಗು ಹಿಡಿಯ ಬುಡದಲ್ಲೇ ಮುರಿದು, ಮೊಮ್ಮಗನ ಕಿವಿಯ ಪಕ್ಕದಿಂದ ಹಾರಿ ಹಲಸಿನ ಮರಕ್ಕೆ ನಾಟಿತು. ಹುಡುಗನಿಗೆ ಏನೂ ಆಗಲಿಲ್ಲ. ಮಾರಿದವರು ಮಾತ್ರ "ನೀವು ಹೊಡೆದ ರೀತಿ ಸರಿಯಿಲ್ಲ ಮೇಷ್ಟ್ರೇ" ಎಂದುಬಿಟ್ಟರು.

ಮನೆಗೆ ಬಂದು ಹಿಡಿಯನ್ನು ಒಡೆದೆ. ಹೊರಗೆ ಎರಡಂಗುಲ ಅಗಲದ ಅಲಗು. ಒಳಗೆ ಪೆನ್ಸಿಲಿನಷ್ಟು ಸಪೂರದ ಬಾಲ, ಅದೂ ಒಂದೂವರೆ ಅಂಗುಲ! ಹೊಡೆತದ ದಿಕ್ಕಿನಲ್ಲಿ ಪಟ್ಟಿಯ ಅಗಲವನ್ನು ಅರ್ಧಕ್ಕಿಳಿಸಿದರೆ ಅದರ ಬಾಗುಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ; ಮೂರನೆಯ ಒಂದಕ್ಕಿಳಿಸಿದರೆ ಒಂಬತ್ತನೆಯ ಒಂದು. ಸಾಲದ್ದಕ್ಕೆ ಅಲಗು ಬಾಲವಾಗುವ ಕುತ್ತಿಗೆಯನ್ನು ಚೌಕವಾಗಿ ಕಡಿದಿದ್ದರು. ಅಂಗಿಯ ಕಿಸೆ ಮೊದಲು ಹರಿಯುವುದು ಮೂಲೆಯಲ್ಲಿ, ಕಬ್ಬಿಣವೂ ಹಾಗೆಯೇ. ಆ ಮೂಲೆಯನ್ನು ದುಂಡಗೆ ಅರೆದಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ಈ ಸುದ್ದಿ ತಿಳಿದು ಹಳೆಯ ಶಿಷ್ಯನೊಬ್ಬ ಬರೆದ: "ಸಾರ್, ಫುಲ್ ಟ್ಯಾಂಗ್ ಅಲ್ಲದ್ದು ಕತ್ತಿಯೇ ಅಲ್ಲ." ಅಲಗಿನ ಪೂರ್ಣ ಅಗಲದ ಕಬ್ಬಿಣವೇ ಹಿಡಿಯ ತುದಿಯವರೆಗೆ ಹೋಗಿ, ಎರಡು ಬದಿಗೆ ಮರದ ಹಲಗೆ ಕೂತಿರಬೇಕೆಂಬುದು ಅವನ ವಾದ. ಗಟ್ಟಿಯೆಂಬುದು ನಿಜ. ಆದರೆ ಇದನ್ನೇ ಮಂತ್ರದಂತೆ ಜಪಿಸುವುದನ್ನು ನಾನು ಒಪ್ಪಲಾರೆ. ನೇಪಾಳದ ಸಾಂಪ್ರದಾಯಿಕ ಕುಕ್ರಿಯ ಬಾಲ ಹಿಡಿಯೊಳಗೆ ಅಡಗಿರುವ ಕಡ್ಡಿ; ಅದನ್ನು ಹಿಡಿದಿಡುವುದು ಅರಗಿನಂಥ ರಾಳ. ಫಿನ್ಲೆಂಡಿನ ಪುಕ್ಕೊ ಚಾಕುವಿನದೂ ಬರ್ಚ್ ಮರದೊಳಗೆ ತೂರಿದ ಸಪೂರ ಬಾಲವೇ. ಇವು ತಲೆಮಾರುಗಳಿಂದ ಕೆಲಸ ಮಾಡಿಲ್ಲವೇ?

ಗುಟ್ಟು ಇರುವುದು ಹದದಲ್ಲಿ. ಕುಕ್ರಿ ಮಾಡುವ ಕಮ್ಮಾರ ಕಾದ ಅಲಗಿನ ಬಾಯಿಯ ಮೇಲಷ್ಟೇ ಕೆಟಲಿನಿಂದ ನೀರು ಸುರಿಯುತ್ತಾನೆ. ಬಾಯಿ ಗಡುಸಾಗುತ್ತದೆ, ಬೆನ್ನೂ ಬಾಲವೂ ಮೆದುವಾಗಿ ಉಳಿಯುತ್ತವೆ. ಮೆದು ಕಬ್ಬಿಣ ಬಾಗೀತು, ಗಾಜಿನಂತೆ ಸಿಡಿಯದು. ಬಾಲವನ್ನೂ ಬಾಯಿಯಷ್ಟೇ ಗಡುಸು ಮಾಡಿದರೆ ಫುಲ್ ಟ್ಯಾಂಗ್ ಕೂಡ ಮುರಿಯಬಹುದು. ನಮ್ಮ ಮಲೆನಾಡಿನ ಮಳೆಯಲ್ಲಿ ಅದಕ್ಕೆ ಇನ್ನೊಂದು ರೋಗ: ಹಲಗೆಯ ಸಂದಿಗೆ ನೀರಿಳಿದು ಒಳಗೊಳಗೇ ತುಕ್ಕು.

ನನ್ನ ಜಗಳ ಕಡ್ಡಿಬಾಲದ ಮೇಲಲ್ಲ, ಅದನ್ನು ಕಳ್ಳತನದಲ್ಲಿ ಗಿಡ್ಡಮಾಡಿ ಮೇಲೆ ಮೆರುಗೆಣ್ಣೆ ಹಚ್ಚುವವರ ಮೇಲೆ. ಹಿಡಿಯೊಳಗೆ ಎಷ್ಟುದ್ದದ ಕಬ್ಬಿಣವಿದೆ, ಬಾಲಕ್ಕೆ ಹದ ಕೊಟ್ಟಿದ್ದೀರೋ ಇಲ್ಲವೋ ಎಂದು ಕೇಳಿದರೆ ಉತ್ತರಿಸಬೇಕಾದದ್ದು ಮಾರುವವರ ಕರ್ತವ್ಯ. ಮುರಿದ ತುಂಡು ನನ್ನ ಮೇಜಿನ ಮೇಲೆಯೇ ಇದೆ. ಈ ಕಡೆ ಬಂದವರು ಕೈಯಲ್ಲಿ ಹಿಡಿದು ನೋಡಬಹುದು.